ಹೊಟ್ಟೆನೋವಿಗೆ ಹತ್ತು ಮಾರ್ಕು

ಭಾಗ್ಯ: ನೀವು ಸುಮ್ಕೆ ಕೂತ್ಕೊಳ್ಳಿ. ನೋವು ನಮ್ಮವ್ವಂದು, ಭಾಷಣ ನಿಮ್ದಾ?

ಮೇಷ್ಟ್ರು: ಭಾಷಣ ಅಲ್ಲ ಕಣೆ, ಡಿಸ್ಕ್ರಿಪ್ಷನ್ನು. ಡಾಕ್ಟರು ಬಾಯಿಬಿಟ್ಟು ಕೇಳಿದ್ದಾರೆ, 'ಡಿಸ್ಕ್ರೈಬ್ ದ ಪೇಯ್ನ್' ಅಂತ. ಡಿಸ್ಕ್ರೈಬ್ ಅಂತ ಬಂದ್ರೆ ಅದು ಹತ್ತು ಮಾರ್ಕಿನ ಪ್ರಶ್ನೆ. ಪೀಠಿಕೆ ಇಲ್ಲದೆ ಶುರು ಮಾಡೋಕಾಗುತ್ತಾ?

ಭಾಗ್ಯ: ನಿಮ್ ಪೀಠಿಕೆ ಮುಗ್ಯೋ ಹೊತ್ಗೆ ನಮ್ಮವ್ವನೇ ಮುಗ್ದೋಗಿರ್ತಳೆ.

ಗುಂಡ್ಲುಪೇಟೆ ಬಸ್‌ಸ್ಟ್ಯಾಂಡಿನ ಹಿಂದುಗಡೆ, ಡಾಕ್ಟರ್ ಪೌಲೋಸ್ ಅವರ ಕ್ಲಿನಿಕ್ಕಿನಲ್ಲಿ ಗಂಡಹೆಂಡಿರು ಹೀಗೆ ಕಚ್ಚಾಡುತ್ತಿದ್ದರು. ಡಾಕ್ಟರು ಘಟ್ಟದಾಚೆಯಿಂದ ಬಂದು ಇನ್ನೂ ತಿಂಗಳಾಗಿರಲಿಲ್ಲ. ಅವರಿಗೆ ಬರುತ್ತಿದ್ದುದು ಮಲಯಾಳ, ಇಂಗ್ಲಿಷು, ಮತ್ತೆ 'ನಾಲಿಗೆ ತೋರಿಸಿ' ಎಂಬಷ್ಟು ಕನ್ನಡ. ಎರಡೂ ಕಡೆಯ ಮಾತು ತಿಳಿದ ಕಾಂಪೌಂಡರು ಅವತ್ತು ರಜ ಹಾಕಿದ್ದ. ಹಾಗಾಗಿ ದುಭಾಷಿಯ ಕುರ್ಚಿ ಮಲ್ಲಿಕಾರ್ಜುನಸ್ವಾಮಿ ಮೇಷ್ಟ್ರ ಪಾಲಿಗೆ ತಾನಾಗಿಯೇ ಬಂದಿತ್ತು. ಅವರಿಗೆ ಇಂಗ್ಲಿಷ್ ಬರುತ್ತದೆ ಎಂಬುದು ಇಡೀ ಗುಂಡ್ಲುಪೇಟೆಗೆ ಗೊತ್ತು. ಗೊತ್ತಿಲ್ಲದವರಿಗೆ ಮೇಷ್ಟ್ರೇ ತಿಳಿಸಿದ್ದಾರೆ. ಹಗಲು ಹೈಸ್ಕೂಲು, ಸಂಜೆ ಮನೆಯ ಪಡಸಾಲೆಯಲ್ಲಿ ಟ್ಯೂಷನ್ನು. ಮಾರ್ಚ್ ಬಂತೆಂದರೆ ಎಸ್ಸೆಸ್ಸೆಲ್ಸಿ ಮಕ್ಕಳನ್ನು ಕೂರಿಸಿಕೊಂಡು ಒಂದೊಂದು ಡಿಸ್ಕ್ರೈಬಿಗೂ ಎರಡೆರಡು ಪುಟ ಬರೆಸಿ, ಕೆಂಪು ಪೆನ್ನಿನಲ್ಲಿ ತಿದ್ದಿಯೇ ಮೇಲಕ್ಕೇಳುವುದು ಅವರ ಪದ್ಧತಿ.

ರೋಗಿ ಮಲ್ಲಾಜಮ್ಮ, ಭಾಗ್ಯಳ ತಾಯಿ. ಉಮ್ಮತ್ತೂರಿನಿಂದ ಮಗಳ ಮನೆಗೆ ಬಂದಾಗಲೆಲ್ಲ ಆಕೆಗೆ ಹೊಟ್ಟೆನೋವು. ಊರಿಗೆ ಹೋದರೆ ಗುಣ. ಹಿಂದಿನ ಸಲ ವಾಪಸು ಹೋಗುವಾಗ ಚಾಮರಾಜನಗರದಲ್ಲಿ ಇಳಿದು ತೋರಿಸಿ, ಬಿಳೀ ಔಷಧಿ ಕುಡಿದದ್ದಾಗಿತ್ತು. ಈ ಸಲ ನೋವು ಜಾಸ್ತಿ. ಡಾಕ್ಟರು ಒಳಗೆ ಬರುತ್ತಲೇ ಕಡ್ಡಿ ಮುರಿದಂತೆ ಹೇಳಿದ್ದರು: ನೋವು ಎಂಥದೆಂದು ಸರಿಯಾಗಿ ತಿಳಿದರೆ ಇವತ್ತೇ ಮಾತ್ರೆ, ತಿಳಿಯದಿದ್ದರೆ ನಾಳೆಯೇ ಮೈಸೂರಿಗೆ ಹೋಗಿ, ಗಂಟಲಿನಿಂದ ಹೊಟ್ಟೆಗೆ ಕೊಳವೆ ಇಳಿಸಿ ನೋಡಿಸಬೇಕು. ಕೊಳವೆ ಎಂಬ ಮಾತು ಮಗಳ ಮೂಲಕ ಕಿವಿಗೆ ಬಿದ್ದಾಗಿನಿಂದ ಮಲ್ಲಾಜಮ್ಮ ಗಂಟಲಿನ ಮೇಲಿಟ್ಟ ಕೈ ತೆಗೆದಿರಲಿಲ್ಲ.

ಡಾಕ್ಟರು: ಮಾಸ್ಟರ್, ವೈ ಈಸ್ ಶಿ ಲುಕಿಂಗ್ ಅಟ್ ದ ಕ್ಯಾಲೆಂಡರ್?

ಮಲ್ಲಾಜಮ್ಮ ತಲೆತುಂಬ ಸೆರಗು ಹೊದ್ದು, ಇವರಿಗೆ ಬೆನ್ನು ಮಾಡಿ, ಗೋಡೆಯ ಕ್ಯಾಲೆಂಡರಿಗೆ ಮುಖ ಕೊಟ್ಟು ಕೂತಿದ್ದರು.

ಮೇಷ್ಟ್ರು: ರೆಸ್ಪೆಕ್ಟ್, ಡಾಕ್ಟರ್. ಐ ಆಮ್ ದ ಸನ್-ಇನ್-ಲಾ.

ಅದು ನಿಜ. ಮದುವೆಯಾಗಿ ಹನ್ನೊಂದು ವರ್ಷವಾದರೂ ಅತ್ತೆ ಅಳಿಯನ ಎದುರು ನಿಂತವರಲ್ಲ, ನೇರವಾಗಿ ಒಂದು ಮಾತಾಡಿದವರಲ್ಲ. ಮಾತೇನಿದ್ದರೂ ಮಗಳ ಮೂಲಕ. ಹೀಗಾಗಿ ಡಾಕ್ಟರ ಪ್ರಶ್ನೆ ಅಳಿಯನಿಗೆ, ಅಳಿಯನಿಂದ ಮಗಳಿಗೆ, ಮಗಳಿಂದ ತಾಯಿಗೆ ಹೋಗಿ, ಉತ್ತರ ಅದೇ ದಾರಿಯಲ್ಲಿ ಹಿಂದಕ್ಕೆ ಬರಬೇಕಾಗಿತ್ತು.

ಡಾಕ್ಟರು: ಓಕೆ, ಓಕೆ. ಆಸ್ಕ್ ಹರ್ ಟು ಡಿಸ್ಕ್ರೈಬ್.

ಮೇಷ್ಟ್ರು: ಭಾಗ್ಯ, ನೋವನ್ನು ಸವಿಸ್ತಾರವಾಗಿ ವರ್ಣಿಸಬೇಕಂತೆ.

ಭಾಗ್ಯ: ಅವ್ವ, ನೋವ ವರ್ಣುಸ್ಬೇಕಂತೆ.

ಮಲ್ಲಾಜಮ್ಮ: ವರ್ಣಿಸೋಕ ಅದೇನು ಮಾದಪ್ಪನ ಬೆಟ್ಟವಾ? ಒಂಥರಾ ಆಯ್ತದ ಅಂತ ಯೋಳು.

ಭಾಗ್ಯ: ಒಂಥರಾ ಆಯ್ತದಂತೆ.

ಮೇಷ್ಟ್ರು ಕನ್ನಡಕ ಮೇಲೇರಿಸಿದರು. ಇಂಗ್ಲಿಷಿನ ಎಂಥೆಂಥ ಪಾಠಗಳನ್ನು ಅರೆದು ಕುಡಿದವರಿಗೆ 'ಒಂಥರಾ' ಎಂಬುದು ಗಂಟಲಲ್ಲಿ ಸಿಕ್ಕಿಕೊಂಡಿತು.

ಮೇಷ್ಟ್ರು: ಶಿ ಈಸ್ ಫೀಲಿಂಗ್... ಒನ್ ಟೈಪ್, ಡಾಕ್ಟರ್.

ಡಾಕ್ಟರು: ವಿಚ್ ಟೈಪ್?

ಮೇಷ್ಟ್ರು: ಯಾವ ಥರ ಅಂತೆ.

ಭಾಗ್ಯ: ಯಾವ್ ತರ ಅವ್ವಾ?

ಮಲ್ಲಾಜಮ್ಮ: ಒಂಥರಾ ಅಂದ್ರ ಒಂಥರಾ ಕಣಮ್ಮಿ. ಎರಡ್ ತರ ಆಗಿದ್ರ ಎರಡ್ ತರ ಅಂತಿರ್ನಿಲ್ವಾ?

ಮೇಷ್ಟ್ರು: ಇದಕ್ಕೆ ಸೊನ್ನೆ. ನನ್ನ ಕ್ಲಾಸಿನಲ್ಲಿ ಹೀಗೆ ಬರೆದಿದ್ದರೆ ದುಂಡಗೆ ಸೊನ್ನೆ ಹಾಕಿ ಬೆಂಚಿನ ಮೇಲೆ ನಿಲ್ಲಿಸ್ತಿದ್ದೆ. ಇರ್ಲಿ, ನಾನೇ ಕಟ್ಟಿ ಹೇಳ್ತೀನಿ.

ಅವರು ಎದ್ದು ನಿಂತರು. ಅಂಗಿಯ ತುದಿ ಎಳೆದುಕೊಂಡರು.

ಮೇಷ್ಟ್ರು: ಡಾಕ್ಟರ್, ಸ್ಟಮಕ್ ಈಸ್ ಎ ವೆರಿ ಇಂಪಾರ್ಟೆಂಟ್ ಆರ್ಗನ್ ಆಫ್ ದ ಹ್ಯೂಮನ್ ಬಾಡಿ. ಫ್ರಮ್ ಏನ್ಶಿಯೆಂಟ್ ಟೈಮ್ಸ್...

ಡಾಕ್ಟರು: ಮಾಸ್ಟರ್, ಐ ನೋ ಸ್ಟಮಕ್. ಟೆಲ್ ಮಿ ಹರ್ ಸ್ಟಮಕ್.

ಭಾಗ್ಯ: ಆಯ್ತಾ, ಉಗುಸ್ಕೊಂಡ್ರಾ? ಪೊಲೀಸ್ ಸ್ಟೇಷನ್ನಲ್ಲೂ ಇಂಗೇ ಮಾಡುದ್ರಿ. ಕಳ್ದೋದ ಮೊಪೆಡ್ಡು ಡಿಸ್ಕ್ರೈಬ್ ಮಾಡಿ ಅಂದ್ರೆ, ಮನುಸ್ರು ಚಕ್ರ ಕಂಡಿಡ್ದಿದ್ರಿಂದ ಶುರು ಮಾಡಿ ಮೂರ್ ಹಾಳೆ ತುಂಬ್ಸುದ್ರಿ. ಮೊಪೆಡ್ಡಿನ ಬಣ್ಣ ಬರ್ಯೋದೇ ಮರ್ತ್ಬುಟ್ರಿ. ಅದನ್ನ ಅವ್ರು ಓದಿ ಮುಗ್ಸೋ ಹೊತ್ಗೆ ಕದ್ದೋನು ಬಂಡೀಪುರ ದಾಟಿ ಊಟಿ ಸೇರ್ಕೊಂಡಿದ್ದ.

ಮೇಷ್ಟ್ರು: ಪೊಲೀಸರ ಡಿಸ್ಕ್ರೈಬೇ ಬೇರೆ, ಪರೀಕ್ಷೇದೇ ಬೇರೆ. ಪೊಲೀಸರಿಗೆ ಗುರುತು ಬೇಕು, ಪರೀಕ್ಷೆಗೆ ವಿಸ್ತಾರ ಬೇಕು, ಮದುವೆ ಮಾತುಕತೆಗೆ ಅಲಂಕಾರ ಬೇಕು. ಸಂದರ್ಭ ನೋಡ್ಕೊಂಡು ಅರ್ಥ ಮಾಡ್ಕೋಬೇಕು.

ಭಾಗ್ಯ: ಅಲಂಕಾರ ಅಲ್ಲ, ಸುಳ್ಳು. ದಲ್ಲಾಳಿ ಮರಿಮಲ್ಲಪ್ಪ ನಮ್ಮೂರ್ಗೆ ಬಂದು ನಿಮ್ಮನ್ನ ಡಿಸ್ಕ್ರೈಬ್ ಮಾಡ್ದಾಗ ಏನಂದಿದ್ದ ಗೊತ್ತಾ? ಹುಡ್ಗ ಬಂಗಾರ, ಮಾತು ಬೋ ಕಮ್ಮಿ ಅಂದಿದ್ದ.

ಮೇಷ್ಟ್ರು: ನಿನ್ನನ್ನ ನಮ್ಮಪ್ಪನ ಹತ್ರ ಡಿಸ್ಕ್ರೈಬ್ ಮಾಡಿದವನೂ ಅವನೇ. ಹುಡುಗಿ ಎದುರುತ್ತರ ಕೊಡೋಳಲ್ಲ ಅಂದಿದ್ದ.

ಡಾಕ್ಟರು ಒಬ್ಬರ ಮುಖ ನೋಡಿ ಇನ್ನೊಬ್ಬರ ಮುಖ ನೋಡಿದರು. ಇಷ್ಟು ಹೊತ್ತು ಮಾತಾಡಿದ್ದಾರೆಂದರೆ ರೋಗದ ವಿಷಯವೇ ಇರಬೇಕೆಂದು ಪೆನ್ನಿನ ಮುಚ್ಚಳ ತೆಗೆದರು.

ಡಾಕ್ಟರು: ಯೆಸ್? ವಾಟ್ ಡಿಡ್ ಶಿ ಸೇ?

ಮೇಷ್ಟ್ರು: ನಥಿಂಗ್ ಮೆಡಿಕಲ್, ಡಾಕ್ಟರ್.

ಡಾಕ್ಟರು: ದೆನ್ ಬೆಟರ್ ಗೋ ಟು ಮೈಸೂರ್.

'ಮೈಸೂರ್' ಎನ್ನುವುದು ಯಾವ ಭಾಷೆಯಲ್ಲಿ ಹೇಳಿದರೂ ಮೈಸೂರೇ. ಮಲ್ಲಾಜಮ್ಮ ಕ್ಯಾಲೆಂಡರಿನ ಕಡೆಗೇ ಮುಖವಿಟ್ಟುಕೊಂಡು ಒಂದೇ ಉಸಿರಿನಲ್ಲಿ ಶುರು ಮಾಡಿದರು.

ಮಲ್ಲಾಜಮ್ಮ: ಕೊಳ್ವೆ ಬ್ಯಾಡ ಅಂತ ಯೋಳವ್ವ. ಯೋಳ್ತಿನಿ, ಯೋಳ್ತಿನಿ. ಇಲ್ಲಿ, ಎದೆಗುಂಡ್ಗೆ ಕೆಳುಗ, ಮೊದ್ಲು ಚುರುಚುರು ಅಂತದ. ಆಮೇಕ ಕೆಂಡ ಇಟ್ಟಂಗ ಆಯ್ತದ. ಆಮೇಕ ಯಾರೋ ಒಳಕ್ಕ ಕೈ ಹಾಕಿ ಒದ್ದೆ ಬಟ್ಟೆ ಹಿಂಡ್ದಂಗ ಹಿಂಡ್ತದ. ಕಣ್ ಕತ್ಲೆ ಬತ್ತದ. ಸಾಕಾ?

ಮೇಷ್ಟ್ರಿಗೆ ಒಳಗೊಳಗೇ ಮೆಚ್ಚುಗೆಯಾಯಿತು. ಹತ್ತಕ್ಕೆ ಏಳಾದರೂ ಕೊಡಬಹುದಾದ ಉತ್ತರ. ಚುರುಚುರುವನ್ನು ಹೇಗೋ ದಾಟಿಸಿ, ಕೆಂಡವನ್ನೂ ಬಟ್ಟೆಯನ್ನೂ ಇಂಗ್ಲಿಷಿಗೆ ಇಳಿಸಿ ಕೊಟ್ಟರು. ಡಾಕ್ಟರ ಮುಖ ಅರಳಿತು.

ಡಾಕ್ಟರು: ಗುಡ್. ವೆನ್ ಡಸ್ ಇಟ್ ಕಮ್? ವೆನ್ ಡಸ್ ಇಟ್ ಗೋ?

ಮೇಷ್ಟ್ರು: ಯಾವಾಗ ಬರುತ್ತೆ, ಯಾವಾಗ ಹೋಗುತ್ತೆ ಅಂತ.

ಭಾಗ್ಯ ಕೇಳಿದಳು.

ಮಲ್ಲಾಜಮ್ಮ: ಬೆಳಿಗ್ಗೆ ಅಷ್ಟಿಲ್ಲ. ದೀಪ ಹಚ್ಚೊ ಹೊತ್ಗ, ಪಡಸಾಲೆಲಿ ಹೈಕ್ಳು ಓದೋಕ ಬಂದು ಕೂತ್ಕತವಲ್ಲ, ಆಗ ಶುರುವಾಯ್ತದ. ಅವು ಎದ್ದೋಗಗಂಟ ಹೆಚ್ಕತಾನೇ ಓಯ್ತದ. ಕಡೇಲಿ ಅವ್ರು ಉಂಡು ಕೈ ತೊಳ್ದ್ರಲ್ಲ, ಆಮೇಕ ನಿಂತೋಯ್ತದ.

ಮೇಷ್ಟ್ರು: ನನ್ನ ಟ್ಯೂಷನ್ನಿಗೂ ಇವರ ಹೊಟ್ಟೆಗೂ ಏನು ಸಂಬಂಧ? ಇದು ವಿಷಯಾಂತರ.

ಭಾಗ್ಯ: ನಿಮ್ ಪಾಠ ಕೇಳುದ್ರೆ ನಂಗೂ ಹಿಂಗೇ ಆಯ್ತದೆ, ನಾನೇನು ಆಸ್ಪತ್ರೆಗೆ ಬಂದಿದ್ದೀನಾ? ಇರಿ. ಅವ್ವ, ಇವ್ರು ಕೈ ತೊಳುದ್ರೆ ನಿನ್ ನೋವು ಯಾಕ್ ನಿಲ್ತದೆ?

ಮಲ್ಲಾಜಮ್ಮ: ಆಗ ನಾ ಉಣ್ತಿನಲ್ಲ.

ಭಾಗ್ಯಳ ದನಿ ಇಳಿಯಿತು.

ಭಾಗ್ಯ: ಇವ್ರು ಉಣ್ಣೋದು ಹನ್ನೊಂದ್ ಗಂಟೆಗೆ ಕಣವ್ವ. ಇವ್ರಿಗೆ ಬಡ್ಸಿಟ್ಟು ನಾ ಮಲಗೋಕೋಗೋ ಹೊತ್ಗೆ ನೀನು ಆಗ್ಲೇ ಉಂಡಿರ್ತಿ ಅನ್ಕಂಡಿದ್ನಲ್ಲ.

ಮಲ್ಲಾಜಮ್ಮ: ಅಳಿಯಂದ್ರು ಹಸ್ಕಂಡಿರ್ವಾಗ ಅತ್ತೆ ತಟ್ಟೆ ಮುಂದ ಕೂತ್ಕಂಡ್ರ ನೋಡ್ದೋರು ಯಾನಂದಾರು? ಅಡುಗೆಮನೆ ಬಾಗ್ಲಿಂದ್ಗಡೆ ಕೂತಿರ್ತಿನಿ. ಕೈ ತೊಳ್ಯೋ ಸದ್ದು ಕೇಳುದ್ರ ಬಡುಸ್ಕತಿನಿ.

ಭಾಗ್ಯ: ಮದ್ಯಾನ ನಾ ಕೊಡೋ ಮುದ್ದೆ?

ಮಲ್ಲಾಜಮ್ಮ: ಅವ್ರು ಇಸ್ಕೂಲ್ನಲ್ಲಿ ಉಂಡ್ರೋ ಇಲ್ವೋ ಇಲ್ಲಿ ಕೂತೋಳ್ಗ ಎಂಗ್ ಗೊತ್ತಾಗ್ಬೇಕು? ಪಕ್ಕದ್ಮನೆ ಹಸುಗ ಹಾಕ್ತಿನಿ. ಕಾಪಿ ಕುಡಿತಿನಲ್ಲ, ಸಾಕು ಬುಡು.

ಭಾಗ್ಯ: ಊರಲ್ಲಿ ಅಪ್ಪ ಇದ್ದಾಗ ಅವ್ರ ಅತ್ತೆ, ನಮ್ಮಜ್ಜಿ, ಹಿಂಗ್ ಸಾಯ್ತಿರ್ಲಿಲ್ವಲ್ಲ?

ಮಲ್ಲಾಜಮ್ಮ: ನಿಮ್ಮಜ್ಜಿ ಪುಣ್ಯ ಮಾಡಿದ್ಲು. ನಿಮ್ಮಪ್ಪಂಗ ಓದುಬರಹ ಇರ್ಲಿಲ್ಲ. ಹೊತ್ ಮುಳುಗ್ತಿದ್ದಂಗೇ ಉಂಡ್ಬುಡೋನು.

ಮೇಷ್ಟ್ರು ಕ್ಯಾಲೆಂಡರ್ ನೋಡಿದರು. ಈಗ ಅವರಿಗೂ ಬೇರೆಲ್ಲೂ ನೋಡುವುದಕ್ಕಾಗುತ್ತಿರಲಿಲ್ಲ. ದಿನಾ ಸಂಜೆ ಪಡಸಾಲೆಯಲ್ಲಿ ಕೂತು 'ಇನ್ನೂ ವಿಸ್ತಾರ ಬರಲಿ, ಇನ್ನೊಂದು ಪುಟ ಬರೀರಿ' ಎಂದು ತಾವು ಗದರಿದ ಒಂದೊಂದು ಪುಟಕ್ಕೂ ಬಾಗಿಲ ಹಿಂದೆ ಒಂದು ಹೊಟ್ಟೆ ಉರಿಯುತ್ತಿತ್ತು. ಮೇಷ್ಟ್ರಿಗೆ ನಾಚಿಕೆಯಾಯಿತು. ಆದರೆ ನಾಚಿಕೆಯಾದ ತಕ್ಷಣ ಒಪ್ಪಿಕೊಂಡುಬಿಟ್ಟರೆ ಅವರು ಮೇಷ್ಟ್ರು ಹೇಗಾಗುತ್ತಾರೆ?

ಡಾಕ್ಟರು: ವಾಟ್ ಈಸ್ ಶಿ ಸೇಯಿಂಗ್, ಮಾಸ್ಟರ್?

ಮೇಷ್ಟ್ರು: ಫುಡ್ ಈಸ್ ಲೇಟ್.

ಡಾಕ್ಟರು: ದಟ್ಸ್ ಆಲ್? ಶಿ ಸ್ಪೋಕ್ ಸೋ ಮಚ್. ವೈ ಲೇಟ್? ಡಿಸ್ಕ್ರೈಬ್.

ಮೇಷ್ಟ್ರು: ಸಮ್ ಫ್ಯಾಮಿಲಿ ಕಸ್ಟಮ್.

ಭಾಗ್ಯ: ಯಾಕ್ರೀ, ಈಗ ಇಂಕು ಖಾಲಿ ಆಗೋಯ್ತಾ? ಎಲ್ಲಾನೂ ಬುಡಿಸಿ ಯೋಳಿ.

ಮೇಷ್ಟ್ರು: ಶಿ ಈಟ್ಸ್ ಆಫ್ಟರ್ ಒನ್ ಪರ್ಸನ್ ಈಟ್ಸ್. ದಟ್ ಪರ್ಸನ್ ಈಟ್ಸ್ ಅಟ್ ಇಲೆವೆನ್.

ಭಾಗ್ಯ: ಯಾರ್ರೀ ಆ ಒನ್ ಪರ್ಸನ್? ಅಷ್ಟ್ ಇಂಗ್ಲಿಷು ನಂಗೂ ಬತ್ತದೆ.

ಡಾಕ್ಟರು ಪೆನ್ನು ಮೇಜಿನ ಮೇಲೆ ಕುಕ್ಕಿದರು. ಅವರಿಗೆ ನಿಜವಾಗಿಯೂ ಸಿಟ್ಟು ಬಂದಿತ್ತು; ಇಂಗ್ಲಿಷಿನ ನಡುವೆ ಅಜ್ಜಿಗೆ ಮಲಯಾಳದ ಮಾತೇ ಬಂತು.

ಡಾಕ್ಟರು: ಹೂ ಈಸ್ ದಿಸ್ ಫೆಲೋ? ಹಿ ಈಸ್ ಕಿಲ್ಲಿಂಗ್ ದಿಸ್ ಅಮ್ಮಚ್ಚಿ. ಬ್ರಿಂಗ್ ಹಿಮ್ ಟು ಮಿ.

ಮೇಷ್ಟ್ರು: ಹಿ ಹ್ಯಾಸ್ ಕಮ್, ಡಾಕ್ಟರ್.

ಡಾಕ್ಟರು: ವೇರ್?

ಅವರು ಬಗ್ಗಿ ಬಾಗಿಲಿನ ಆಚೆ ನೋಡಿದರು. ಬೆಂಚಿನ ಮೇಲೆ ಕಾಲಿಗೆ ಪಟ್ಟಿ ಕಟ್ಟಿಕೊಂಡ ಒಬ್ಬ ಮುದುಕ ತೂಕಡಿಸುತ್ತಿದ್ದ. ಡಾಕ್ಟರು ಅವನನ್ನೇ ಬೈಯಲು ಬಾಯಿ ತೆರೆಯುವಷ್ಟರಲ್ಲಿ ಮೇಷ್ಟ್ರು ಕೆಮ್ಮಿದರು.

ಮೇಷ್ಟ್ರು: ನಾಟ್ ಹಿಮ್. ಇಟ್ ಈಸ್ ಐ, ಡಾಕ್ಟರ್.

ಹಾಗೆ ಮೈಸೂರೂ ತಪ್ಪಿತು, ಕೊಳವೆಯೂ ತಪ್ಪಿತು. ಡಾಕ್ಟರು ಮಾತ್ರೆ ಬರೆದುಕೊಟ್ಟರು. ಚೀಟಿಯ ಕೊನೆಯಲ್ಲಿ ಅಳಿಯನ ಹೆಸರು ಕೇಳಿ ಬರೆದು, ಅದರ ಮುಂದೆ 'ಊಟ: ರಾತ್ರಿ ಎಂಟು' ಎಂದು ಇಂಗ್ಲಿಷಿನಲ್ಲಿ ಸೇರಿಸಿ, ಕೆಳಗೆ ದಪ್ಪಗೆ ಗೀಟು ಎಳೆದರು. ಅತ್ತೆಯ ರೋಗಕ್ಕೆ ಅಳಿಯನಿಗೆ ಔಷಧಿ ಬರೆದದ್ದು ಆ ತಾಲ್ಲೂಕಿನಲ್ಲಿ ಅದೇ ಮೊದಲಿರಬೇಕು.

ಹೊರಗೆ ಬಂದಾಗ ಎರಡೂವರೆ ದಾಟಿತ್ತು. ಮೇಷ್ಟ್ರು ನೇರವಾಗಿ ಬಸ್‌ಸ್ಟ್ಯಾಂಡಿನ ಎದುರಿನ ಹೋಟೆಲಿಗೆ ನಡೆದರು. ಮೂರು ಊಟ ಹೇಳಿದರು. ಮೊದಲು ಬಂದ ತಟ್ಟೆಯನ್ನು ತಾವೇ ಎತ್ತಿ ಅತ್ತೆಯ ಮುಂದಿಟ್ಟರು.

ಮೇಷ್ಟ್ರು: ಭಾಗ್ಯ, ನಿಮ್ಮವ್ವನಿಗೆ ಹೇಳು. ಇನ್ಮೇಲೆ ನನಗೋಸ್ಕರ ಕಾಯಬಾರದು. ತಪ್ಪೆಲ್ಲಾ ನಂದೇ. ಮೊದಲು ಅವರು ಊಟ ಮಾಡಲಿ, ಆಮೇಲೆ ನಾನು.

ಭಾಗ್ಯ: ಕೇಳುಸ್ತಾ ಅವ್ವ? ಇವತ್ತು ಮೂರೇ ಮಾತಲ್ಲಿ ಮುಗ್ಸವ್ರೆ. ಉಣ್ಣು.

ಮಲ್ಲಾಜಮ್ಮ ಗೋಡೆಯ ಕಡೆಗೆ ತಿರುಗಿ ಕೂತಿದ್ದರು. ತಟ್ಟೆಯಿಂದ ಹಬೆ ಏಳುತ್ತಿತ್ತು. ಅವರು ಅದನ್ನು ನೋಡಿದರು, ಮಗಳನ್ನು ನೋಡಿದರು. ಆಮೇಲೆ ಸೆರಗು ಸರಿಮಾಡಿಕೊಂಡು, ತಟ್ಟೆಯನ್ನು ಎರಡು ಕೈಯಲ್ಲೂ ಅಳಿಯನ ಕಡೆಗೆ ನೂಕಿ, ಹನ್ನೊಂದು ವರ್ಷದಲ್ಲಿ ಮೊದಲ ಸಲ ಅವರ ಮುಖ ನೋಡಿ ಮಾತಾಡಿದರು.

ಮಲ್ಲಾಜಮ್ಮ: ಬ್ಯಾಗ್ನೆ ಉಣ್ಣಿ ಅಳಿಯಂದ್ರೆ. ನಂಗ ಹಸಿವಾಯ್ತದ.