ಪ್ಯಾರಾಶೂಟಿಗೆ ಹಾಸಿದ ಹಾಸಿಗೆ

ತಿಗಣೆ ತನ್ನ ಮನೆಯದೇ ಎಂದು ಒಪ್ಪಿಕೊಂಡ ಮನುಷ್ಯನನ್ನು ನಾನು ಈವರೆಗೂ ಕಂಡಿಲ್ಲ. ಸೊಳ್ಳೆ ಇದೆ ಎಂದು ಎಲ್ಲರೂ ಹೇಳಿಕೊಳ್ಳುತ್ತಾರೆ. ಇಲಿ ಇದೆ ಎಂದು ನಗುನಗುತ್ತಲೇ ಹೇಳುತ್ತಾರೆ. ತಿಗಣೆ ಮಾತ್ರ ಯಾವಾಗಲೂ ಹೊರಗಿನಿಂದ ಬಂದದ್ದು. ರೈಲಿನಿಂದ ಬಂತು, ಸಿನಿಮಾ ಟಾಕೀಸಿನ ಕುರ್ಚಿಯಿಂದ ಬಂತು, ಯಾರೋ ನೆಂಟರು ಬಂದು ಬಿಟ್ಟುಹೋದರು. ನಾನು ಬ್ಯಾಂಕಿನಲ್ಲಿ ಸಾಲದ ಅರ್ಜಿ ನೋಡುವವನಾದ್ದರಿಂದ ಇಂಥ ಸಬೂಬುಗಳನ್ನು ದೂರದಿಂದಲೇ ಗುರುತಿಸಬಲ್ಲೆ ಎಂಬ ಹಮ್ಮು ನನಗಿತ್ತು. ಆ ಹಮ್ಮು ಇಳಿದದ್ದು ಆಕಾಶದಿಂದ ನನ್ನ ನಾದಿನಿ ಇಳಿದ ದಿನ.

ಆಗ ನಾನು ವಿಶಾಖಪಟ್ಟಣದಲ್ಲಿದ್ದೆ. ದ್ವಾರಕಾ ನಗರದಲ್ಲಿ ಬ್ಯಾಂಕು, ಅಲ್ಲಿಗೆ ನಡೆದುಹೋಗುವಷ್ಟು ದೂರದಲ್ಲಿ ಬಾಡಿಗೆ ಮನೆ. ನನ್ನ ಹೆಂಡತಿ ಶಾರದೆಯ ತಂಗಿ ವೀಣಾ ಬೆಂಗಳೂರಿನ ಒಂದು ಸಾಹಸ ಕ್ಲಬ್ಬಿಗೆ ಸೇರಿ ವಿಮಾನದಿಂದ ಹಾರುವ ಹುಚ್ಚು ಹಿಡಿಸಿಕೊಂಡಿದ್ದಳು. ವಿಜಯವಾಡದಲ್ಲಿ ಕೃಷ್ಣಾ ನದಿಯ ಮರಳ ದಿಬ್ಬದ ಮೇಲೆ ಆ ಕ್ಲಬ್ಬಿನವರ ಪ್ರದರ್ಶನ ಏರ್ಪಾಡಾಗಿತ್ತು. ಅಷ್ಟು ಜನರ ಮುಂದೆ ಅವಳು ಹಾರುವುದು ಅದೇ ಮೊದಲು. ಅದಕ್ಕೆ ಒಂದು ವಾರ ಮುಂಚೆಯೇ, ತುಮಕೂರಿನಿಂದ ಅಮ್ಮನನ್ನೂ ಕರೆದುಕೊಂಡು ರೈಲಿನಲ್ಲಿ ಅಕ್ಕನ ಮನೆಗೆ ಬಂದಿಳಿದಳು. ನನ್ನ ಅತ್ತೆಯವರು ಮಗಳು ಹಾರುವುದನ್ನು ಒಮ್ಮೆಯೂ ನೋಡಿದವರಲ್ಲ. ನೋಡಬೇಕೆಂದು ಬಂದಿದ್ದರು, ನೋಡಲಾರೆ ಎಂದೂ ಹೇಳುತ್ತಿದ್ದರು.

ವೀಣಾಳ ಬೆನ್ನ ಮೇಲೆ ದೊಡ್ಡದೊಂದು ಚೀಲ. ಅದರೊಳಗೆ ಪ್ಯಾರಾಶೂಟು. ನನಗೋ ಸಂಭ್ರಮ ತಡೆಯಲಾಗಲಿಲ್ಲ. ನಮ್ಮ ವಂಶದಲ್ಲಿ ಮಾಳಿಗೆಯಿಂದ ಕೆಳಗೆ ಬಗ್ಗಿ ನೋಡಿದವರೇ ಕಡಿಮೆ. ಅವಳು ಆ ಚೀಲವನ್ನು ನೆಲದ ಮೇಲಿಡಲು ಹೋದಾಗ ನಾನು ಬಿಡಲಿಲ್ಲ. ಮನೆಗೆ ಬಂದವರ ವಸ್ತುವನ್ನು ಬರಿನೆಲಕ್ಕೆ ಇಡಿಸುವ ಪದ್ಧತಿ ನಮ್ಮಲ್ಲಿಲ್ಲ. ಅದೂ ಒಂದು ಜೀವವನ್ನು ಹಿಡಿದು ಇಳಿಸುವ ವಸ್ತು. ಅಟ್ಟದಿಂದ ನನ್ನ ಹೋಲ್ಡಾಲನ್ನು ಇಳಿಸಿ ಬಿಚ್ಚಿ, ಅದರೊಳಗಿನ ತೆಳು ಹಾಸಿಗೆಯ ಮೇಲೆ ಚೀಲವನ್ನು ಮಲಗಿಸಿದೆ. ರಾಯಚೂರು, ಕರ್ನೂಲು, ವಿಜಯವಾಡ ಎಂದು ನನ್ನ ಎಲ್ಲ ವರ್ಗಾವಣೆಗಳನ್ನೂ ಕಂಡ ಹೋಲ್ಡಾಲು ಅದು. ಲಾಡ್ಜಿನ ಹಾಸಿಗೆಯನ್ನು ನಂಬದವನು ನಾನು. ಎಲ್ಲೇ ಹೋಗಲಿ, ನನ್ನ ಹಾಸಿಗೆಯಲ್ಲೇ ನನ್ನ ನಿದ್ದೆ.

ಮರುದಿನ ಬೆಳಿಗ್ಗೆ ವೀಣಾ ಭುಜದ ಪಟ್ಟಿಗಳನ್ನು ಪರೀಕ್ಷಿಸುತ್ತ ಕೂತವಳು ಇದ್ದಕ್ಕಿದ್ದಂತೆ ಕೈ ಹಿಂದಕ್ಕೆಳೆದುಕೊಂಡಳು. ಪಟ್ಟಿಯ ಮೆತ್ತೆಯ ಹೊಲಿಗೆಯಲ್ಲಿ ತಿಗಣೆಗಳ ಸಂಸಾರವೊಂದು ನೆಮ್ಮದಿಯಾಗಿ ಕೂತಿತ್ತು. ನಾನು ತಕ್ಷಣ ರೈಲಿನ ಮೇಲೆ ಹರಿಹಾಯ್ದೆ. ರೈಲ್ವೆಯವರಿಗೆ ಒಂದು ಪತ್ರ ಬರೆಯುವುದಾಗಿ ಘೋಷಿಸಿದೆ. ವೀಣಾ ಮಾತ್ರ ಮುಖ ಸಪ್ಪೆ ಮಾಡಿಕೊಂಡಳು. ವಿಮಾನದಲ್ಲಿ ಎಲ್ಲರೂ ಚೀಲಗಳನ್ನು ಕಟ್ಟಿಕೊಂಡು ಒಬ್ಬರಿಗೊಬ್ಬರು ಅಂಟಿಕೊಂಡೇ ಕೂರಬೇಕಂತೆ. ಒಂದೇ ಒಂದು ಹುಳ ಕಂಡರೂ ಹಾರಲು ಕಲಿಸಿದ ಗುರುಗಳು ಅವಳನ್ನು ವಿಮಾನ ಹತ್ತಿಸುವುದಿಲ್ಲವಂತೆ.

ಮನೆಯಲ್ಲಿ ಸಲಹೆಗಳ ಮಳೆ ಸುರಿಯಿತು. ಅತ್ತೆಯವರು ಕುದಿಯುವ ನೀರು ಹೊಯ್ಯಿ ಎಂದರು. ಶಾರದೆ ಸೀಮೆಎಣ್ಣೆ ಎಂದಳು. ಮಾಳಿಗೆಯ ಮೇಲೆ ಬಿಸಿಲಿಗೆ ಹರವಿ ಎಂದು ಮನೆಯೊಡತಿ ಸುಬ್ಬಲಕ್ಷ್ಮಿ ಗಾರು ತೆಲುಗಿನಲ್ಲಿ ಹೇಳಿದರು. ಹೇಳಿದ ಮೇಲೆ ನಮ್ಮ ಮನೆಯೊಳಗೆ ಮಾತ್ರ ಬರಲಿಲ್ಲ, ಬಾಗಿಲಾಚೆಯೇ ನಿಂತರು. ನಾನು ಆಗಲೇ ತಿಗಣೆ ಔಷಧಿಯ ಶೀಶೆ ಹಿಡಿದು ನಿಂತಿದ್ದೆ. ವೀಣಾ ಚೀಲಕ್ಕೆ ಅಡ್ಡ ನಿಂತಳು.

"ಭಾವ, ಇದು ನೈಲಾನು. ಬಿಸಿಲಿಗೆ ಬಲ ಹೋಗತ್ತೆ, ಬಿಸಿನೀರಿಗೆ ಸುಕ್ಕಾಗತ್ತೆ. ಔಷಧಿ ಏನು ಮಾಡತ್ತೋ ಯಾರಿಗೂ ಗೊತ್ತಿಲ್ಲ. ತಿಗಣೆ ಸಾಯ್ಬೇಕು, ನಾನಲ್ಲ."

ನಾನು ಶೀಶೆಯನ್ನು ಮೆಲ್ಲಗೆ ಬೆನ್ನ ಹಿಂದೆ ಸರಿಸಿದೆ.

ಬ್ಯಾಂಕಿನಿಂದ ಬೆಂಗಳೂರಿಗೆ ಟ್ರಂಕ್ ಕಾಲ್ ಹಚ್ಚಿದೆವು. ವೀಣಾಳ ಗುರುಗಳು ಮೊದಲು ಬೈದರು, ಆಮೇಲೆ ಉಪಾಯ ಹೇಳಿದರು. ಒಣ ಚಳಿ ನೈಲಾನಿಗೆ ಕೆಡುಕಲ್ಲ, ತಿಗಣೆಗೆ ಕೆಡುಕು. ಗಾಳಿಯಾಡದಂತೆ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ಮಂಜುಗಟ್ಟುವ ಚಳಿಯಲ್ಲಿ ದಿನಗಟ್ಟಲೆ ಇಡಬೇಕು. ಹೊರತೆಗೆದ ಮೇಲೆ ಒಳಗಿನ ಚಳಿ ಪೂರ್ತಿ ಇಳಿಯುವ ತನಕ ಪ್ಲಾಸ್ಟಿಕ್ ಬಿಚ್ಚಕೂಡದು, ಬಿಚ್ಚಿದರೆ ಬಟ್ಟೆ ಬೆವರುತ್ತದೆ. ಹೇಳುವುದೇನೋ ಸುಲಭ. ನಮ್ಮ ಫ್ರಿಜ್ಜಿನ ಮೇಲಿನ ಗೂಡಿನಲ್ಲಿ ಒಂದು ಲೋಟ ನೀರು ಗಟ್ಟಿಯಾಗಬೇಕಾದರೆ ಇಡೀ ಹಗಲು ಬೇಕಿತ್ತು.

ಆಗ ನನಗೆ ಹೊಳೆಯಿತು. ಹೊಳೆದ ರಭಸಕ್ಕೆ ಕುರ್ಚಿಯಿಂದ ಎದ್ದೇ ನಿಂತೆ. ನಮ್ಮ ಬ್ಯಾಂಕಿನ ಗಿರಾಕಿ ರಾಜು ಗಾರು ಮೀನುಗಾರಿಕೆ ಬಂದರಿನ ಬಳಿ ಸಿಗಡಿ ರಫ್ತು ಮಾಡುವವರು. ಅವರ ಶೀತಲ ಗೋದಾಮಿನೊಳಗೆ ಒಮ್ಮೆ ತನಿಖೆಗೆ ಹೋಗಿ ನಾನೇ ಅರ್ಧ ಸಿಗಡಿಯಾಗಿ ಹೊರಬಂದಿದ್ದೆ. ಸಂಕೋಚದಿಂದಲೇ ವಿಷಯ ಹೇಳಿದೆ. ಅವರು "ಪರವಾಲೇದು ಸಾರ್, ಪಂಪಂಡಿ" ಎಂದು, ಕಳಿಸಿಕೊಡಲು ಹೇಳಿಬಿಟ್ಟರು. ಪ್ಯಾರಾಶೂಟಿಗೆ ಪ್ಲಾಸ್ಟಿಕ್ಕಿನ ಮೇಲೆ ಪ್ಲಾಸ್ಟಿಕ್ ಸುತ್ತಿ ಸಿಗಡಿ ಪೆಟ್ಟಿಗೆಗಳ ನಡುವೆ ಇಟ್ಟು ಬಂದೆವು. ಬೆಳ್ಳುಳ್ಳಿಯನ್ನೂ ಮುಟ್ಟದ ಅತ್ತೆಯವರಿಗೆ ಐಸ್ ಫ್ಯಾಕ್ಟರಿ ಎಂದಷ್ಟೇ ಹೇಳಿದೆವು.

ಆ ದಿನಗಳಲ್ಲಿ ನನಗೆ ಬ್ಯಾಂಕಿನ ಕೆಲಸ ಕೈಗೆ ಹತ್ತಲಿಲ್ಲ. ಕರೆಂಟು ಹೋದಾಗಲೆಲ್ಲ ರಾಜು ಗಾರಿಗೆ ಫೋನು. ಜನರೇಟರ್ ಇದೆ ಎಂದು ಅವರು ಎಷ್ಟು ಮರ್ಯಾದೆಯಿಂದ ಹೇಳಿದರೂ ನಾನು ಮತ್ತೆ ಮತ್ತೆ ಕೇಳುತ್ತಿದ್ದೆ. ಕೊನೆಗೆ ಗಂಟು ಮನೆಗೆ ಬಂತು. ಚಳಿ ಇಳಿಯಿತು. ಪ್ಲಾಸ್ಟಿಕ್ ಬಿಚ್ಚಿದ ವೀಣಾ ಮೆತ್ತನೆಯ ಬ್ರಷ್ಷಿನಿಂದ ಹೊಲಿಗೆ ಹೊಲಿಗೆಯನ್ನೂ ಕೆದಕಿ ನೋಡಿದಳು. ಸತ್ತವು ಉದುರಿದವು. ಬದುಕಿದ್ದು ಒಂದೂ ಇಲ್ಲ. ನಡುಮನೆಯ ತುಂಬ ಪ್ಯಾರಾಶೂಟಿನ ಕೇಸರಿ ಬಟ್ಟೆ ಹರಡಿತ್ತು, ಒಂದು ನೂಲೂ ಕೆಟ್ಟಿರಲಿಲ್ಲ. ನಾನು ಸಂತೋಷದಿಂದ ಕುಣಿದೇಬಿಟ್ಟೆ. ಹೊರಗಿನ ಪ್ಲಾಸ್ಟಿಕ್ ಮೂಸಿದ ಅತ್ತೆಯವರು, ಐಸಿಗೂ ಇಷ್ಟು ನಾತ ಇರುತ್ತದೆಯೇ ಎಂದು ಕೇಳಿದರು. ಸಮುದ್ರದ ಊರಲ್ಲವೇ ಎಂದು ಶಾರದೆ ಉತ್ತರ ಕೊಟ್ಟಳು. ಗುರುಗಳು ವಿಜಯವಾಡದಲ್ಲಿ ಅದನ್ನೆಲ್ಲ ತಾವೇ ಮತ್ತೊಮ್ಮೆ ನೋಡಿ, ತಲೆದೂಗಿ, ವೀಣಾಳನ್ನು ವಿಮಾನಕ್ಕೆ ಹತ್ತಿಸಿದರು.

ಮರಳ ದಿಬ್ಬದ ಮೇಲೆ ಜನಸಾಗರ. ನನ್ನ ಹೋಲ್ಡಾಲಂತೂ ನನ್ನ ಜೊತೆಗೇ ಬಂದಿತ್ತು. ಅತ್ತೆಯವರನ್ನು ಅದರ ಸುರುಳಿಯ ಮೇಲೆ ಕೂರಿಸಿದ್ದೆ. ಅವರು ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡು, ನನ್ನ ಕೈ ಹಿಡಿದುಕೊಂಡು, ಇನ್ನೊಂದು ಕೈಯಿಂದ ಕಾಲು ಕೆರೆದುಕೊಳ್ಳುತ್ತಿದ್ದರು. ಪಾಪ, ಗಾಬರಿಗೆ ಹೀಗಾಗಿದೆ ಎಂದುಕೊಂಡೆ. ವಿಮಾನದ ಸದ್ದು ಕೇಳಿತು. ಚುಕ್ಕಿಗಳು ಉದುರಿದವು. ಅದರಲ್ಲೊಂದು ಚುಕ್ಕಿ ನಮ್ಮ ವೀಣಾ. ಚುಕ್ಕಿ ಬೀಳುತ್ತಲೇ ಇತ್ತು. ಆ ಚಳಿಗೆ ಏನಾದರೂ ಆಗಿದ್ದರೆ? ಉಪಾಯ ಗುರುಗಳದೇ ಆದರೂ ಗೋದಾಮು ಗೊತ್ತು ಮಾಡಿದವನು ನಾನಲ್ಲವೇ?

"ಬಿಚ್ಕೊಂತಾ, ಅಳಿಯಂದಿರೇ?"

ಅಷ್ಟರಲ್ಲಿ ನೀಲಿಯಲ್ಲಿ ಕೇಸರಿ ಅರಳಿತು. "ಬಿಚ್ಕೊಂತು, ಕಣ್ಣು ಬಿಡಿ ಅತ್ತೆ" ಎಂದೆ. ಅವರು ಕಣ್ಣು ಬಿಟ್ಟರು, ಮಗಳನ್ನು ನೋಡಿದರು. ನೋಡುತ್ತಲೇ ಅತ್ತರು. ನಾನೂ ಅತ್ತೆ. ಸುತ್ತಲಿನವರಿಗೆಲ್ಲ, ಅದು ನಮ್ಮ ಹುಡುಗಿ, ಮಾ ಅಮ್ಮಾಯಿ, ಎಂದು ಎರಡು ಭಾಷೆಯಲ್ಲಿ ಹೇಳುತ್ತ ಅತ್ತೆ.

ವೀಣಾ ಪ್ಯಾರಾಶೂಟನ್ನು ತೋಳಿನಲ್ಲಿ ಬಾಚಿಕೊಂಡು ನಮ್ಮ ಕಡೆಗೆ ಓಡಿ ಬಂದಳು. ಹಿಂದೆಯೇ ಗುರುಗಳು. ಅಷ್ಟು ದೊಡ್ಡ ಕೆಲಸ ಮಾಡಿದ ವಸ್ತುವನ್ನು ಮರಳಿನ ಮೇಲೆ ಇಡಿಸುವುದೇ? ಅತ್ತೆಯವರನ್ನು ಎಬ್ಬಿಸಿ, ಹೋಲ್ಡಾಲಿನ ಪಟ್ಟಿ ಬಿಚ್ಚಿ, ಹಾಸಿಗೆಯನ್ನು ಅಷ್ಟಗಲ ಹರವಿ, "ಇಲ್ಲಿ ಹಾಕಮ್ಮ" ಎಂದೆ.

ವೀಣಾ ಹಾಕಲಿಲ್ಲ. ಬಗ್ಗಿ ನೋಡಿದಳು. ಗುರುಗಳೂ ಬಗ್ಗಿದರು. ಮಧ್ಯಾಹ್ನದ ಬಿಸಿಲು ತಾಗಿ, ಹಾಸಿಗೆಯ ಹೊಲಿಗೆಯಿಂದ ದಪ್ಪನೆಯ ತಿಗಣೆಯೊಂದು ಹೊರಬಂತು. ಅದರ ಹಿಂದೆ ಇನ್ನೊಂದು. ಅದರ ಹಿಂದೆ ಬಳಗ.

"ಭಾವ, ರೈಲ್ವೆಯವರಿಗೆ ಪತ್ರ ಹಾಕಿಬಿಟ್ರಾ?" ಎಂದು ವೀಣಾ ಕೇಳಿದಳು. ಕೇಳುತ್ತಲೇ ಪ್ಯಾರಾಶೂಟನ್ನು ಎದೆಗವಚಿಕೊಂಡು ನನ್ನಿಂದ ದೂರಕ್ಕೆ ಸರಿದಳು.

ವಾಪಸು ವಿಶಾಖಪಟ್ಟಣದ ರೈಲಿನಲ್ಲಿ ಕಿಟಕಿಯ ಪಕ್ಕದ ಸೀಟಿನಲ್ಲಿ ಪ್ಯಾರಾಶೂಟು ಕೂತಿತ್ತು. ಅದರ ಪಕ್ಕ ವೀಣಾ, ಅತ್ತೆಯವರು, ಶಾರದೆ. ನಾನು ಬಾಗಿಲ ಬಳಿ ಹೋಲ್ಡಾಲನ್ನು ಕಾಯುತ್ತ ನಿಂತಿದ್ದೆ. ರಾಜಮಂಡ್ರಿ ದಾಟಿದ ಮೇಲೂ ಒಳಗೆ ಬಂದು ಕೂರಿ ಎಂದು ಯಾರೂ ಕರೆಯಲಿಲ್ಲ. ಊರು ಹತ್ತಿರವಾದಾಗ ಶಾರದೆ ಮಾತ್ರ ಎದ್ದು ಬಂದು, ಅಷ್ಟು ದೂರದಲ್ಲೇ ನಿಂತು, ರಾಜು ಗಾರ ಗೋದಾಮಿನಲ್ಲಿ ಒಂದು ಆಳು ಹಿಡಿಯುವಷ್ಟು ಜಾಗವಿದೆಯೇ ಎಂದು ಕೇಳಿದಳು.