ಹುಳುಗಳಿಗೆ ಇತಿಹಾಸ ಉಣಬಡಿಸಿದ್ದು

ನಿದ್ದೆಗೂ ಮಾರ್ಕ್ಸಿಗೂ ಆಗಿಬರುವುದಿಲ್ಲ ಎಂಬ ಮಹಾಸತ್ಯವನ್ನು ಬಿ.ಎ. ಓದುವಾಗ ನಾನು ಸ್ವತಃ ಕಂಡುಹಿಡಿದೆ. ಮೈಸೂರಿನ ನಮ್ಮ ಹಾಸ್ಟೆಲಿನಲ್ಲಿ ನನ್ನಷ್ಟು ಮಲಗಿದವರಿಲ್ಲ, ನನ್ನಷ್ಟು ಕಡಿಮೆ ಮಾರ್ಕ್ಸ್ ತೆಗೆದವರೂ ಇಲ್ಲ. ಇನ್ನೇನು ಪುರಾವೆ ಬೇಕು! ಈ ಸಲ ಫೇಲಾದರೆ ಕಾಲೇಜು ಬಿಡಿಸಿ ನೇಗಿಲು ಹಿಡಿಸುತ್ತೇನೆ ಎಂದು ಅಪ್ಪ ಹೇಳಿಬಿಟ್ಟಿದ್ದ. ಆದ್ದರಿಂದ ಪರೀಕ್ಷೆಗೆ ಐದು ದಿನವಿರುವಾಗ ನಮ್ಮೂರು ಹರದನಹಳ್ಳಿಗೆ ಬಂದವನೇ ನಿದ್ರಾತ್ಯಾಗದ ಪ್ರತಿಜ್ಞೆ ಕೈಗೊಂಡೆ.

ಮನೆಯಲ್ಲಿ ಅವ್ವ ರೇಷ್ಮೆಹುಳು ಸಾಕಿದ್ದಳು. ಹೊತ್ತುಹೊತ್ತಿಗೆ ಹಿಪ್ಪುನೇರಳೆ ಸೊಪ್ಪನ್ನು ಸಣ್ಣಗೆ ಹೆಚ್ಚಿ ತಟ್ಟೆಗಳಿಗೆ ಉದುರಿಸಬೇಕು. ಎಚ್ಚರವಾಗಿರಲು ಒಳ್ಳೆಯ ನೆಪವೆಂದು ಆ ಕೆಲಸ ನಾನೇ ವಹಿಸಿಕೊಂಡೆ. ಅವ್ವ ಅನುಮಾನದಿಂದಲೇ ಒಪ್ಪಿದಳು.

ಮೂರನೆಯ ದಿನ ಕೊಟ್ಟಿಗೆಯ ಎಮ್ಮೆಗೆ ‘ನಮಸ್ಕಾರ ಸಾರ್’ ಎಂದೆ. ಅದನ್ನು ಏಕಾಗ್ರತೆ ಎಂದುಕೊಂಡೆ.

ಪರೀಕ್ಷೆಯ ಹಿಂದಿನ ದಿನ ಬೆಳಿಗ್ಗೆ ಇತಿಹಾಸದ ನೋಟ್ಸನ್ನು ಮಣೆಯ ಪಕ್ಕ ಹರಡಿಕೊಂಡು, ಬಾಯಿಪಾಠ ಮಾಡುತ್ತ ಸೊಪ್ಪು ಹೆಚ್ಚಿ ಎಲ್ಲ ತಟ್ಟೆಗೂ ಉದುರಿಸಿದೆ. ಹುಳುಗಳು ಬಾಯಿ ಹಾಕಲಿಲ್ಲ. ಬಗ್ಗಿ ನೋಡಿದರೆ ತಟ್ಟೆಯ ತುಂಬ ನನ್ನದೇ ಅಕ್ಷರ! ಸೊಪ್ಪು ಬುಟ್ಟಿಯಲ್ಲೇ ಇತ್ತು, ಹೆಚ್ಚಿದ್ದು ನೋಟ್ಸು. ಹುಳುಗಳೋ, ತಲೆ ಮೇಲಕ್ಕೆತ್ತಿ ಅಲುಗಾಡದೆ ಕೂತಿದ್ದವು. ಮಸಿಯ ವಿಷ ತಾಗಿ ಎಲ್ಲವೂ ಸತ್ತವು, ಅವ್ವನ ಬೆಳೆಯನ್ನೇ ಕೊಂದೆ ಎಂದು ಗೋಳೋ ಎಂದು ಅತ್ತೆ.

ಅವ್ವ ಓಡಿಬಂದಳು. ತಟ್ಟೆ ನೋಡಿದಳು, ನನ್ನ ಮುಖ ನೋಡಿದಳು.

“ಸತ್ತಿಲ್ಲ ಕಣ್ಲಾ, ಜ್ವರಕ್ಕೆ ಕುಂತವೆ. ಹುಳ ಮಲಗದ್ನೇ ಮರ್ತ್‌ಬುಟ್ಟೋನು ನಾಳೆ ಏನ್ಲಾ ಬರ್ದೀಯೆ?”

ಪೊರೆ ಕಳಚುವ ಮುಂಚೆ ಹುಳು ಮೇವು ಬಿಟ್ಟು ಒಂದು ದಿನ ಹೀಗೆ ಮಲಗುತ್ತದೆ. ಅದಕ್ಕೇ ಜ್ವರ ಎನ್ನುವುದು. ನಮ್ಮೂರಿನ ಹಸುಗೂಸಿಗೂ ಗೊತ್ತು! ಅವು ಬದುಕಿವೆಯೆಂದು ತಿಳಿದ ಸಮಾಧಾನಕ್ಕೆ ತಟ್ಟೆಗಳ ಪಕ್ಕದಲ್ಲೇ ಒರಗಿ ತೂಕಡಿಸತೊಡಗಿದೆ.

ಜ್ವರಕ್ಕೆ ಕೂತ ಹುಳುವನ್ನು ಮುಟ್ಟಬಾರದು, ಮೇವು ಹಾಕಬಾರದು. ಅದೇ ಕಾನೂನು ನನಗೂ ಜಾರಿಯಾಯಿತು. ಅವ್ವ ಚಾಪೆ ಹಾಸಿ, ಬಾಗಿಲೆಳೆದುಕೊಂಡು ಹೋದಳು. ಊಟಕ್ಕೆ ಕರೆಯಲು ಬಂದ ಅಪ್ಪನನ್ನೂ “ಜ್ವರಕ್ಕೆ ಕುಂತವ್ನೆ, ಎಬ್ಬುಸ್‌ಬ್ಯಾಡಿ” ಎಂದು ಅಟ್ಟಿದಳಂತೆ.

ಮರುದಿನ ನಾನು ಹುಳುಗಳಿಗಿಂತ ಮೊದಲೇ ಎದ್ದು ಚಾಮರಾಜನಗರದಿಂದ ಮೈಸೂರಿನ ಮೊದಲ ರೈಲು ಹಿಡಿದೆ. ನೋಟ್ಸ್ ಇರಲಿಲ್ಲ, ಹಾಗಾಗಿ ಗಾಬರಿಯೂ ಇರಲಿಲ್ಲ. ತಲೆ ತಿಳಿಯಾಗಿತ್ತು. ಹೊಳೆದದ್ದನ್ನೆಲ್ಲ ಬರೆದೆ.

ಪಾಸಾದೆ! ಥರ್ಡ್ ಕ್ಲಾಸು. ಆದರೂ ನೇಗಿಲು ತಪ್ಪಿತು. ಆ ಸಲ ಅವ್ವನ ರೇಷ್ಮೆಗೂಡೂ ಚೆನ್ನಾಗಿ ಬಂತು. ಕಾರಣ ಕೇಳಿದವರಿಗೆಲ್ಲ ಅವಳದು ಒಂದೇ ಉತ್ತರ: ಮಗನ ನೋಟ್ಸಿಗೆ ಬಾಯಿ ಹಾಕಲಿಲ್ಲ, ಅದಕ್ಕೇ ಹುಳುಗಳು ಉಳಿದವು.