ಹೇರಳೆ ಮರಕ್ಕೆ ನಾನು ಕೊಟ್ಟ ಚಿಕಿತ್ಸೆ

ಹಾಲು ಕಾಯಿಸಿದೆ. ಬಾಗಿಲಿಗೆ ರಂಗೋಲಿ ಹಾಕಿದೆ. ಸಂಪಿನ ಮೋಟಾರ್ ಹಾಕಿ, ಮರೆಯದೆ ಆರಿಸಿದೆ. ಹುರುಳಿಕಾಯಿ ಹೆಚ್ಚಿದೆ. ಹಿತ್ತಲಲ್ಲಿ ಕೊಳೆತು ಬಿದ್ದಿದ್ದ ಹೇರಳೆಕಾಯಿಗಳನ್ನು ಗುಡಿಸಿ ಮರದ ಬುಡಕ್ಕೇ ಒಟ್ಟಿದೆ. ಮರದ್ದು ಮರಕ್ಕೇ ಗೊಬ್ಬರ! ಇಡೀ ತ್ಯಾಗರಾಜನಗರದಲ್ಲಿ ನನ್ನಷ್ಟು ಅಚ್ಚುಕಟ್ಟಿನ ಹೆಂಗಸು ಇನ್ನೊಬ್ಬಳಿಲ್ಲ ಎಂಬ ವಿಷಯದಲ್ಲಿ ಆ ದಿನ ನನಗೆ ಯಾವ ಸಂಶಯವೂ ಇರಲಿಲ್ಲ.

ತಂಗಿಯ ಮಗಳು ಚೈತ್ರ ಬಸುರಿ. "ದೊಡ್ಡಮ್ಮಾ, ನಿಮ್ಮನೆ ಹೇರಳೆಕಾಯಿ ಚಿತ್ರಾನ್ನ ತಿನ್ಬೇಕು ಅನ್ನಿಸ್ತಿದೆ" ಎಂದು ಫೋನ್ ಮಾಡಿದ್ದಳು. ಮುಂದಿನ ತಿಂಗಳು ಬರುವವಳಿದ್ದಳು. ಬಸುರಿಯ ಬಯಕೆ ತೀರಿಸದಿದ್ದರೆ ಮಗುವಿನ ಕಿವಿ ಸೋರುತ್ತದಂತೆ. ಆ ಅಪವಾದ ನನಗೆ ಬೇಡವೆಂದು ದಿನವೂ ಪೈಪು ಹಿಡಿದು ಮರಕ್ಕೆ ಧಾರಾಳವಾಗಿ ನೀರು ಹೊಡೆದೆ. ಬುಡದ ಕೆಸರೆಲ್ಲ ಕೆಳಗಿನ ಕೊಂಬೆಯ ಕಾಯಿಗಳಿಗೆ ಸಿಡಿಯಿತು. ಕೆಲವೇ ದಿನಗಳಲ್ಲಿ ಅವಕ್ಕೂ ಕಂದು ಕಲೆ!

ನಮ್ಮ ಯಜಮಾನರು ಮೊಬೈಲಿನಿಂದ ತಲೆ ಎತ್ತದೆ ಹೇಳಿದರು: "ಶಿಲೀಂಧ್ರ ರೋಗ ಕಣೇ. ಕೊಳೆತ ಕಾಯಿ ಬುಡದಲ್ಲಿಟ್ಕೊಂಡು ನೀರು ಎರಚಿದ್ರೆ ಹರಡತ್ತಂತೆ."

"ಅಷ್ಟು ದಡ್ಡರು ಯಾರಿರ್ತಾರ್ರೀ?"

"ಯಾರೋ ಇರ್ತಾರೆ."

ಕೊಳೆತದ್ದನ್ನೆಲ್ಲ ತೆಗೆದು ಹಾಕಿದೆ. ಇವರ ಮೊಬೈಲಿನ ಪ್ರಕಾರ ಮೈಲುತುತ್ತದ ನೀಲಿ ಪುಡಿಗೆ ಸುಣ್ಣ ಬೆರೆಸಿ ಸಿಂಪಡಿಸಬೇಕಂತೆ. ಇವರು ಮೈಲುತುತ್ತ ತಂದರು, ಸುಣ್ಣ ಮರೆತರು. ಸುಣ್ಣ ಅಂದರೆ ಸುಣ್ಣ ತಾನೆ? ಅತ್ತೆಯವರ ಎಲೆಯಡಿಕೆ ತಟ್ಟೆಯಿಂದ ಡಬ್ಬಿ ತಂದು, ವೀಳ್ಯದೆಲೆಗೆ ಹಚ್ಚುವ ಹದದಲ್ಲೇ, ಬೆರಳ ತುದಿಯಿಂದ ಬಕೆಟ್ಟಿಗೆ ಹಾಕಿದೆ.

"ಚಾಕು ಅದ್ದಿ ನೋಡ್ಬೇಕಂತೆ" ಎಂದು ಇವರು ಮೊಬೈಲಿನಿಂದ ಓದಿದರು. ಅದ್ದಿದೆ. ಚಾಕು ತಾಮ್ರದ ಬಣ್ಣಕ್ಕೆ ತಿರುಗಿತು.

"ನೋಡಿ, ಏನು ಕಳೆ! ಹದ ಬಂತು!" ಎಂದು ಇಡೀ ಮರಕ್ಕೆ ಹೊಡೆದು ಮುಗಿಸಿದೆ.

ಆಮೇಲೆ ಇವರು ಮುಂದಿನ ಸಾಲು ಓದಿದರು. "ಚಾಕು ಕೆಂಪಾದರೆ ಸುಣ್ಣ ಸಾಲದು. ಸಿಂಪಡಿಸಬೇಡಿ. ಎಲೆ ಸುಡುತ್ತದೆ."

"ಇದನ್ನ ಮೊದಲೇ ಓದಕ್ಕೇನಾಗಿತ್ತು?"

"ಪರದೆ ಮೇಲಕ್ಕೆ ಸರಿಸ್ಬೇಕಿತ್ತು. ಕೈಯಲ್ಲಿ ಕಾಫಿ ಇತ್ತು."

ಒಳಗಿಂದ ಅತ್ತೆ, "ನನ್ನ ಸುಣ್ಣದ ಡಬ್ಬಿ ಎಲ್ಲೇ?" ಎಂದರು. ಗೋಡೆಯಾಚೆಯಿಂದ ಪಕ್ಕದ ಮನೆಯ ಸಾವಿತ್ರಮ್ಮ, "ಒಣಹಾಕಿದ್ದ ಪಂಚೆಗೆ ನೀಲಿ ಚುಕ್ಕೆ ಹೇಗೆ ಬಂತ್ರೀ?" ಎಂದರು. ನಾನು ಬಕೆಟ್ಟು ತೊಳೆಯಲು ಹೋದೆ.

ಎಲೆ ಸುಟ್ಟವು. ಕಾಯಿ ಉದುರಿದವು. ತುದಿಯಲ್ಲಿ ಒಂದೇ ಒಂದು ಉಳಿಯಿತು. ಚೈತ್ರ ಬಂದ ದಿನ ಅದನ್ನು ಕಿತ್ತು, ಮೂರು ಸಲ ತೊಳೆದು, ರಸ ಹಿಂಡಿ, ಚಿತ್ರಾನ್ನ ಕಲೆಸಿ, ತಟ್ಟೆಯನ್ನು ಅವಳ ಮುಂದಿಟ್ಟೆ.

ಅವಳು ಹಿಂದಕ್ಕೆ ಸರಿದಳು. "ಅಯ್ಯೋ ದೊಡ್ಡಮ್ಮಾ, ಆ ಆಸೆ ಹೋದ ತಿಂಗಳದ್ದು! ಈಗ ಹುಳಿ ಅಂದ್ರೇ ಎದೆಯುರಿ. ಮೊಸರನ್ನ ಇದ್ಯಾ?"

ಇತ್ತು. ಮೊಸರನ್ನಕ್ಕೆ ಮರ ಬೇಕಿಲ್ಲ!

ಎರಡು ಸಲ ಹಾಕಿಸಿಕೊಂಡು ತಿಂದು, ನಡುಮನೆಯಲ್ಲಿ ಚಾಪೆಯ ಮೇಲೆ ಎಲ್ಲರಿಗಿಂತ ಮೊದಲು ಮಲಗಿಬಿಟ್ಟಳು. ಚಿತ್ರಾನ್ನವನ್ನು ನಾವು ಮೂವರೂ ರಾತ್ರಿಗೂ ತಿಂದೆವು. ಅತ್ತೆ ಮಲಗಿದರು, ಇವರೂ ಮಲಗಿದರು. ಎದೆಯುರಿ ಬಂದದ್ದು ನನಗೆ.